ಹದ್ದಿನ ಗಾಳಿ, ಬಟ್ಟೆಯ ರೆಕ್ಕೆ

1963ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯದ ಗ್ರಾಫ್ಟನ್ ಎಂಬ ಊರಿನ ಕ್ಲಾರೆನ್ಸ್ ನದಿಯಲ್ಲಿ ಒಂದು ಮೋಟಾರು ದೋಣಿ ಮನುಷ್ಯ ನೇತಾಡುತ್ತಿದ್ದ ಗಾಳಿಪಟವನ್ನು ಎಳೆದುಕೊಂಡು ಓಡಿತು. ಗಾಳಿಪಟ ಮೇಲೆದ್ದಿತು. ಅದನ್ನು ಕಟ್ಟಿದವರು ಜಾನ್ ಡಿಕನ್ಸನ್. ಊರಿನ ಜಕರಾಂಡ ಹಬ್ಬಕ್ಕೆ ಹೊಸದೇನಾದರೂ ಬೇಕು ಎಂದು ವಾಟರ್ ಸ್ಕೀ ಕ್ಲಬ್ಬಿನವರು ಕೇಳಿದ್ದರಿಂದ ಹುಟ್ಟಿದ ಕೆಲಸ ಅದು. ಮಾರ್ಚ್ ಬಂದರೆ ಬೆಂಗಳೂರಿನ ಜಯನಗರ, ಬನಶಂಕರಿಯ ಬೀದಿಗಳಲ್ಲಿ ನೇರಳೆ ಹೂ ಸುರಿಸುವ ಜಕರಾಂಡವೇ ಅಲ್ಲಿಯೂ ಊರಹಬ್ಬದ ಮರ. ಆಗ ಗ್ರಾಫ್ಟನ್ ಸುತ್ತ ಬಾಳೆ ಬೆಳೆಯುತ್ತಿದ್ದರು. ಗೊನೆಗೆ ಹೊದಿಸುವ ಪ್ಲಾಸ್ಟಿಕ್ಕೇ ಡಿಕನ್ಸನ್ನರ ಮೊದಲ ರೆಕ್ಕೆಯ ಹಾಳೆಯಾಯಿತು.

ರೆಕ್ಕೆಯ ಆಕಾರ ಮಾತ್ರ ಅಮೆರಿಕದ್ದು. ಅಲ್ಲಿನ ಎಂಜಿನಿಯರ್ ಫ್ರಾನ್ಸಿಸ್ ರೊಗಾಲೊ ಮತ್ತು ಅವರ ಪತ್ನಿ ಗರ್ಟ್ರೂಡ್ 1948ರಲ್ಲಿ ಅಡುಗೆಮನೆಯ ಪರದೆ ಬಟ್ಟೆ ಹೊಲಿದು, ಗಟ್ಟಿ ಎಲುಬಿಲ್ಲದೆಯೂ ಗಾಳಿಯ ಒತ್ತಡದಿಂದಲೇ ಉಬ್ಬಿ ನಿಲ್ಲುವ ರೆಕ್ಕೆಯೊಂದನ್ನು ಕಂಡುಹಿಡಿದಿದ್ದರು. ಬಾಹ್ಯಾಕಾಶದಿಂದ ಮರಳುವ ಜೆಮಿನಿ ನೌಕೆಯನ್ನು ಇದರಿಂದಲೇ ಇಳಿಸಬಹುದೆಂದು ನಾಸಾ 1960ರ ದಶಕದಲ್ಲಿ ಪ್ರಯೋಗ ನಡೆಸಿ, ಕೊನೆಗೆ ಪ್ಯಾರಾಚೂಟನ್ನೇ ನೆಚ್ಚಿಕೊಂಡಿತು. ಡಿಕನ್ಸನ್ ಸೇರಿಸಿದ್ದು ಒಂದು ತ್ರಿಕೋನದ ಹಿಡಿಕೆ ಮತ್ತು ರೆಕ್ಕೆಯಿಂದ ಒಂದೇ ಬಿಂದುವಿನಲ್ಲಿ ಹಾರುವವನನ್ನು ತೂಗುಹಾಕುವ ಪಟ್ಟಿ. ಹಿಡಿಕೆಯನ್ನು ತನ್ನತ್ತ ಎಳೆದರೆ ದೇಹದ ಭಾರ ಮುಂದೆ ಸರಿದು ರೆಕ್ಕೆಯ ಮೂಗು ತಗ್ಗುತ್ತದೆ, ವೇಗ ಏರುತ್ತದೆ. ಪಕ್ಕಕ್ಕೆ ಸರಿದರೆ ರೆಕ್ಕೆ ಆ ಕಡೆ ತಿರುಗುತ್ತದೆ. ಇಂದಿನ ಹ್ಯಾಂಗ್ ಗ್ಲೈಡರ್‌ಗಳನ್ನು ಈಗಲೂ ಹೀಗೆಯೇ ನಡೆಸುವುದು.

ಮೊದಮೊದಲು ಹೀಗೆ ಹಾರಿದವರ ನೆನಪು ತೆಗೆದಾಗಲೆಲ್ಲ ಅವರ ಧೈರ್ಯದ ಮಾತೇ ಬರುತ್ತದೆ. ಧೈರ್ಯಕ್ಕಿಂತ ದೊಡ್ಡದನ್ನು ಅವರು ಕೊಟ್ಟುಹೋಗಿದ್ದಾರೆ ಎಂದು ನನಗನ್ನಿಸುತ್ತದೆ. ರೆಕ್ಕೆ ಮೊದಲು ಬಂತು, ಅದರ ವಿಜ್ಞಾನವನ್ನು ಅವರು ಹಾರುತ್ತ ಹಾರುತ್ತ ಕಲಿತರು. ಕೆಲವರು ಪ್ರಾಣ ತೆತ್ತರು.

ಮೊದಲ ರೆಕ್ಕೆಗಳ ದೊಡ್ಡ ಕಂಟಕ ಕಡಿದಾದ ಇಳಿತದಲ್ಲಿತ್ತು. ಬಟ್ಟೆಯ ರೆಕ್ಕೆ ಉಬ್ಬಿರಬೇಕಾದರೆ ಗಾಳಿ ಅದರ ಅಡಿಗೆ ಬಡಿಯುತ್ತಿರಬೇಕು. ಮೂಗು ಅತಿಯಾಗಿ ಕೆಳಗೆ ತಿರುಗಿತೆನ್ನಿ, ಗಾಳಿ ನೇರ ಮುಂದಿನಿಂದ ಅಥವಾ ಮೇಲಿನಿಂದ ಬರುತ್ತದೆ. ಬಟ್ಟೆ ಬಾವುಟದ ಹಾಗೆ ಪಟಪಟ ಬಡಿದುಕೊಳ್ಳುತ್ತದೆ. ಎತ್ತುವ ಬಲವೇ ಇಲ್ಲದ ಮೇಲೆ ದೇಹವನ್ನು ಹಿಂದೆ ತಳ್ಳಿ ಪ್ರಯೋಜನವಿಲ್ಲ. ಭಾರ ಸರಿಸುವುದು ಫಲ ಕೊಡುವುದು ರೆಕ್ಕೆ ಮೇಲೆತ್ತುತ್ತಿರುವಷ್ಟು ಹೊತ್ತು ಮಾತ್ರ. ಹೀಗೆ ನೆಲ ಮುಟ್ಟುವವರೆಗೂ ಮೂಗು ಎತ್ತಲಾಗದೆ ಹೋದ ಅಪಘಾತಗಳು 1970ರ ದಶಕದಲ್ಲಿ ಮತ್ತೆ ಮತ್ತೆ ಆದವು. ಪರಿಹಾರವಾಗಿ ರೆಕ್ಕೆಯ ಹಿಂದಿನ ಅಂಚನ್ನು ತುಸು ಮೇಲಕ್ಕೆ ಹಿಡಿದಿಡುವ ದಾರಗಳನ್ನೂ ಬಾಗಿಸಿದ ಪಟ್ಟಿಗಳನ್ನೂ ಅಳವಡಿಸಿದರು. ಆಗ ಇಳಿತದಲ್ಲಿ ವೇಗ ಹೆಚ್ಚಿದಷ್ಟೂ ಗಾಳಿಯೇ ಬಾಲದ ಕಡೆಯನ್ನು ಒತ್ತಿ ಮೂಗನ್ನು ಎತ್ತುತ್ತದೆ. ರೆಕ್ಕೆಗಳನ್ನು ವಾಹನದ ಮೇಲೆ ಬಿಗಿದು ಓಡಿಸಿ, ಯಾವ ಕೋನದಲ್ಲಿ ಎಷ್ಟು ಬಲವೆಂದು ಅಳೆಯುವ ಪರೀಕ್ಷೆಗಳೂ ಆಗಲೇ ಶುರುವಾದವು.

ಭಾರ ಸರಿಸಿ ಹಾರುವುದರ ಮಿತಿಗೆ ಇನ್ನೂ ಹಿಂದೆ ಬಲಿಯಾದವರು ಜರ್ಮನಿಯ ಓಟ್ಟೊ ಲಿಲಿಯೆಂಥಾಲ್. 1891ರಿಂದ ಸುಮಾರು ಎರಡು ಸಾವಿರ ಬಾರಿ ಗುಡ್ಡದಿಂದ ಜಾರಿ ಹಾರಿದ್ದ ಅವರು 1896ರ ಆಗಸ್ಟ್ 9ರಂದು ಗಾಳಿಯಲ್ಲೇ ರೆಕ್ಕೆಯ ಹಿಡಿತ ತಪ್ಪಿ ಬಿದ್ದು, ಮರುದಿನ ತೀರಿಕೊಂಡರು. ಬಾಗಿದ ರೆಕ್ಕೆ ಎಷ್ಟು ಎತ್ತುತ್ತದೆ ಎಂಬುದರ ಅವರ ಅಳತೆಗಳು ಉಳಿದವು. ಮುಂದೆ ಅದೇ ದೇಶದ ಗಟ್ಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್, ರೆಕ್ಕೆಯ ತುದಿಯಲ್ಲಿ ಸುಳಿಯುವ ಗಾಳಿ ಹೇಗೆ ಶಕ್ತಿಯನ್ನು ಕಬಳಿಸುತ್ತದೆ ಎಂದು ಗಣಿತದಲ್ಲಿ ತೋರಿಸಿದರು. ರೆಕ್ಕೆ ಉದ್ದವಾಗಿ, ಕಿರಿದಾಗಿದ್ದಷ್ಟೂ ನಷ್ಟ ಕಡಿಮೆ.

ಈ ಎಳೆ ಬೆಂಗಳೂರಿಗೂ ಬಂದು ಮುಟ್ಟಿತು. ಪ್ರಾಂಟ್ಲ್ ಅವರ ಬಳಿ ಸಂಶೋಧನೆ ಮಾಡಿದ ವಿಷ್ಣು ಮಾಧವ ಘಾಟಗೆ, 1940ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸೇರಿದರು. ಅಲ್ಲಿ ಅವರು ಮೊದಲು ವಿನ್ಯಾಸಗೊಳಿಸಿದ್ದು ಎಂಜಿನ್ ಇಲ್ಲದ, ಸೈನಿಕರನ್ನು ಒಯ್ಯುವ ಹತ್ತು ಆಸನಗಳ ಗ್ಲೈಡರ್. 1942ರಲ್ಲಿ ಆರಂಭವಾದ ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನ ಎಂಜಿನಿಯರಿಂಗ್ ವಿಭಾಗವನ್ನು ಕಟ್ಟಿದವರಲ್ಲಿಯೂ ಅವರು ಮುಂಚೂಣಿಯವರು. ಭಾರತದಲ್ಲಿ ವಿಮಾನ ವಿನ್ಯಾಸದ ಕಥೆ ಒಂದು ಗ್ಲೈಡರ್‌ನಿಂದ, ಅದೂ ನಮ್ಮೂರಿನಲ್ಲೇ ಶುರುವಾಯಿತು ಎನ್ನುವುದು ನಾವು ಶಾಲೆಯಲ್ಲಿ ಹೇಳಿಕೊಡಬೇಕಾದ ಸಂಗತಿ.

ರೊಗಾಲೊ ರೆಕ್ಕೆಗೆ ಗಟ್ಟಿಂಗನ್ನಿನ ಪಾಠ ತಲುಪಿದ್ದು ತಡವಾಗಿ. ಅದು ಗಿಡ್ಡ, ಅಗಲ. ಮೂಗಿನ ಕೋನ ಸುಮಾರು 80 ಡಿಗ್ರಿ. ಒಂದು ಮೀಟರ್ ಇಳಿಯುವಷ್ಟರಲ್ಲಿ ನಾಲ್ಕು ಮೀಟರ್ ಮುಂದೆ ಸಾಗಿದರೆ ಹೆಚ್ಚು. 1,478 ಮೀಟರ್ ಎತ್ತರದ ನಂದಿಬೆಟ್ಟದ ನೆತ್ತಿ ಸುತ್ತಲಿನ ಬಯಲಿನಿಂದ ಐನೂರು ಮೀಟರಿಗೂ ಮೇಲಿದೆ. ಅಂಥ ರೆಕ್ಕೆ ಅಲ್ಲಿಂದ ಸುಮ್ಮನಿರುವ ಗಾಳಿಯಲ್ಲಿ ಹೊರಟರೆ ಎರಡು ಕಿಲೋಮೀಟರ್ ಆಚೆ, ನಾಲ್ಕು ನಿಮಿಷದೊಳಗೆ ನೆಲ ಕಾಣುತ್ತಿತ್ತು. ಮೂಗಿನ ಕೋನವನ್ನು 120 ಡಿಗ್ರಿಯಾಚೆಗೆ ಅರಳಿಸಿ, ರೆಕ್ಕೆಯನ್ನು ಕಿರಿದು ಮಾಡಿದ ಮೇಲೆ ಈ ಅನುಪಾತ ಹತ್ತನ್ನು ದಾಟಿತು. ಇಂದಿನ ಒಳ್ಳೆಯ ಹ್ಯಾಂಗ್ ಗ್ಲೈಡರ್ ಹದಿನೈದರ ಸುತ್ತ ಇದೆ.

ಅಷ್ಟಾಗಿಯೂ ಗ್ಲೈಡರ್ ಸದಾ ಇಳಿಯುತ್ತಲೇ ಇರುವ ಯಂತ್ರ. ಗಂಟೆಗಟ್ಟಲೆ ತೇಲಬೇಕಾದರೆ, ತಾನು ಇಳಿಯುವುದಕ್ಕಿಂತ ವೇಗವಾಗಿ ಏರುವ ಗಾಳಿಯೊಳಗೆ ಇರಬೇಕು. ಇದನ್ನು ಅರ್ಥ ಮಾಡಿಕೊಳ್ಳಲು ಬೆಟ್ಟಕ್ಕೆ ಹೋಗಬೇಕಿಲ್ಲ. ಮಾರ್ಚ್ ತಿಂಗಳ ಮಧ್ಯಾಹ್ನ ಬೆಂಗಳೂರಿನ ಕತ್ರಿಗುಪ್ಪೆಯ ಯಾವುದಾದರೂ ತಾರಸಿಯಿಂದ ವಾಟರ್ ಟ್ಯಾಂಕಿನ ದಿಕ್ಕಿಗೆ ಕತ್ತೆತ್ತಿದರೆ ಸಾಕು, ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುತ್ತಿರುತ್ತವೆ. ರಿಂಗ್ ರಸ್ತೆಯ ಡಾಂಬರು, ಒತ್ತೊತ್ತಾದ ಕಾಂಕ್ರೀಟ್ ತಾರಸಿಗಳು ಬೇಗ ಕಾಯುತ್ತವೆ. ಮರಗಳ ಸಾಲು, ಯಡಿಯೂರು ಕೆರೆ ತಡವಾಗಿ ಕಾಯುತ್ತವೆ. ಬಿಸಿಯಾದ ಗಾಳಿ ಹಗುರಾಗಿ ನೆಲ ಬಿಟ್ಟು ಕಂಬದಂತೆ ಏರುತ್ತದೆ. ಇದೇ ಥರ್ಮಲ್.

ಏರುವ ಗಾಳಿ, ತೇವ ಹನಿಗಟ್ಟುವ ತನಕ, ಕಿಲೋಮೀಟರಿಗೆ 9.8 ಡಿಗ್ರಿ ಸೆಲ್ಸಿಯಸ್‌ನಂತೆ ತಣಿಯುತ್ತದೆ. ಅದರ ತೇವ ಹನಿಗಟ್ಟುವ ಎತ್ತರವೇ ಮೋಡದ ಬುಡ. ಲೆಕ್ಕ ಸರಳ: ನೆಲದ ಉಷ್ಣತೆಯಿಂದ ಇಬ್ಬನಿ ಬಿಂದುವನ್ನು, ಅಂದರೆ ಅಲ್ಲಿನ ಗಾಳಿಯ ತೇವ ಹನಿಗಟ್ಟುವ ಉಷ್ಣತೆಯನ್ನು, ಕಳೆದು 125ರಿಂದ ಗುಣಿಸಿದರೆ ಮೀಟರುಗಳಲ್ಲಿ ಉತ್ತರ. ಬೇಸಿಗೆಯಲ್ಲಿ 33 ಡಿಗ್ರಿ ಸೆಕೆ, 13 ಡಿಗ್ರಿ ಇಬ್ಬನಿ ಬಿಂದು ಎನ್ನೋಣ; ಮೋಡದ ಬುಡ ಕತ್ರಿಗುಪ್ಪೆಯ ನೆತ್ತಿಯ ಮೇಲೆ 2,500 ಮೀಟರ್. ಜುಲೈಯಲ್ಲಿ 27 ಮತ್ತು 19 ಇದ್ದರೆ ಬರೇ ಸಾವಿರ ಮೀಟರ್.

ಸಾಧಾರಣ ಥರ್ಮಲ್ ಸೆಕೆಂಡಿಗೆ ಒಂದೆರಡು ಮೀಟರ್ ಏರುತ್ತದೆ. ಹಳೆಯ ರೊಗಾಲೊ ರೆಕ್ಕೆ ಸೆಕೆಂಡಿಗೆ ಎರಡು ಮೀಟರಿಗೂ ಹೆಚ್ಚು ಇಳಿಯುತ್ತಿತ್ತು. ಅದಕ್ಕೇ ಮೊದಲ ತಲೆಮಾರಿನವರ ಕಥೆಗಳೆಲ್ಲ ಗುಡ್ಡದ ಮೇಲಿನವೇ: ಇಳಿಜಾರಿಗೆ ಬಡಿದು ಮೇಲಕ್ಕೆ ತಿರುಗುವ ಬಲವಾದ ಗಾಳಿ ಇದ್ದರೆ ಮಾತ್ರ ಅವರಿಗೆ ತೇಲಲು ಸಾಧ್ಯವಿತ್ತು. ಹದ್ದಿಗೆ ಈ ಕಷ್ಟವಿಲ್ಲ. ಒಂದು ಕಿಲೋಗೂ ಕಡಿಮೆ ತೂಗುವ ಅದು ನಿಧಾನವಾಗಿ ಹಾರಬಲ್ಲದು, ಹಾಗಾಗಿ ತೀರ ಚಿಕ್ಕ ಸುತ್ತು ಹಾಕಬಲ್ಲದು. ಸುತ್ತಿನ ತ್ರಿಜ್ಯ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಮೂವತ್ತು ಡಿಗ್ರಿ ವಾಲಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ತಿರುಗಿದರೆ ಸುಮಾರು 18 ಮೀಟರ್. 45 ಕಿಲೋಮೀಟರ್ ಆದರೆ 28. ಥರ್ಮಲ್ಲಿನ ತಿರುಳು ಕಿರಿದಾಗಿರುವ ಕಡೆ ಈ ಹತ್ತು ಮೀಟರೇ ಏರುವುದನ್ನೂ ಇಳಿಯುವುದನ್ನೂ ತೀರ್ಮಾನಿಸುತ್ತದೆ.

ಪ್ಯಾರಾಗ್ಲೈಡರ್ ಗೆದ್ದದ್ದು ಇಲ್ಲಿಯೇ. 1978ರ ಜೂನ್‌ನಲ್ಲಿ ಫ್ರಾನ್ಸಿನ ಮಿಯೂಸಿ ಎಂಬ ಹಳ್ಳಿಯ ಬೆಟ್ಟದಿಂದ ಮೂವರು ಪ್ಯಾರಾಚೂಟ್ ಪಟುಗಳು ವಿಮಾನದ ಖರ್ಚು ಉಳಿಸಲು ಓಡುತ್ತಲೇ ಹಾರಿದರು. ಅವರದು ಡೊಮಿನಾ ಜಾಲ್ಬರ್ಟ್ 1960ರ ದಶಕದಲ್ಲಿ ರೂಪಿಸಿದ, ಮುಂದಿನ ಬಾಯಿಗಳಿಂದ ಗಾಳಿ ತುಂಬಿಕೊಳ್ಳುವ ಚೌಕದ ಪ್ಯಾರಾಚೂಟ್. ಅದನ್ನೇ ಹಿಗ್ಗಿಸಿ, ಕಿರಿದಾಗಿಸಿ ಬಂದದ್ದು ಇಂದಿನ ರೆಕ್ಕೆ: ನಿಧಾನ, ಸೆಕೆಂಡಿಗೆ ಒಂದು ಮೀಟರ್ ಆಸುಪಾಸಿನ ಇಳಿತ, ಬೆನ್ನಚೀಲಕ್ಕೆ ಹಿಡಿಯುವ ಗಾತ್ರ.

ಆದರೂ ಇದು ಬಟ್ಟೆಯೇ. ಥರ್ಮಲ್ಲಿನ ಅಂಚಿನಲ್ಲಿ ಏರುಗಾಳಿಯೂ ಇಳಿಗಾಳಿಯೂ ಅಕ್ಕಪಕ್ಕ ಹರಿಯುತ್ತವೆ. ಅಲ್ಲಿ ಗಾಳಿ ಮೇಲಿನಿಂದ ಬಡಿದರೆ ಮುಂದಿನ ಅಂಚು ಮಡಚಿಕೊಳ್ಳುತ್ತದೆ. 1970ರ ದಶಕದವರನ್ನು ಕಾಡಿದ ಅದೇ ಭೌತಶಾಸ್ತ್ರ. ಕೈಯಲ್ಲಿರುವ ಬ್ರೇಕ್ ದಾರದ ಬಿಗುಪಿನಿಂದ ರೆಕ್ಕೆಯ ಒತ್ತಡವನ್ನು ಕ್ಷಣಕ್ಷಣಕ್ಕೂ ಅರಿತು ಸರಿಪಡಿಸುವುದು ಇಲ್ಲಿಯ ಮುಖ್ಯ ವಿದ್ಯೆ. ಹದ್ದುಗಳು ಸಲೀಸಾಗಿ ಏರುವ ನಡುಮಧ್ಯಾಹ್ನದಲ್ಲಿ ಹೊಸಬರನ್ನು ಹಾರಲು ಬಿಡದೆ, ಗಾಳಿ ಶಾಂತವಾಗಿರುವ ಬೆಳಗು ಮತ್ತು ಇಳಿಸಂಜೆಯಲ್ಲೇ ತರಬೇತಿ ಕೊಡುವುದು ಇದೇ ಕಾರಣಕ್ಕೆ.