ಗಣತಿಯವರು ಬಂದಾಗ ನಾವು ಏನು ಹೇಳುತ್ತೇವೆ?

ಜನಾಭಿಪ್ರಾಯವನ್ನು ಅಳೆಯುವ ಸಮೀಕ್ಷೆಗಳಿಗೆ ಒಂದು ಸ್ವಭಾವವಿದೆ. ಕೇಳಿದ ಪ್ರಶ್ನೆಗೆ ಮಾತ್ರ ಅವು ಉತ್ತರವನ್ನು ತರುತ್ತವೆ; ಕೇಳದ ಸಂಗತಿ ಜನರ ಎದೆಯಲ್ಲಿಯೇ ಉಳಿಯುತ್ತದೆ. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳಲ್ಲಿ ನೆಲೆಸಿದ ನಮ್ಮಂಥ ಕನ್ನಡ ಮನೆತನಗಳಿಗೆ ಇದರ ಅನುಭವ ಹೊಸದಲ್ಲ.

ನೆರೆಯ ಗೋವೆಯಲ್ಲಿ 1967ರ ಜನವರಿ 16ರಂದು ಜನಮತ ಸಂಗ್ರಹ ನಡೆಯಿತು. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆನ್ನುವವರಿಗೆ ಹೂವಿನ ಗುರುತು, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೆನ್ನುವವರಿಗೆ ಎರಡೆಲೆಯ ಗುರುತು. ಎರಡೆಲೆಗೆ 1,72,191 ಮತಗಳೂ ಹೂವಿಗೆ 1,38,170 ಮತಗಳೂ ಬಿದ್ದವು. ನಮ್ಮ ಗಡಿಯಲ್ಲಿ ಅಂಥ ಮತದಾನ ನಡೆಯಲಿಲ್ಲ. 1966ರ ಅಕ್ಟೋಬರದಲ್ಲಿ ನೇಮಕಗೊಂಡ ಮಹಾಜನ ಆಯೋಗವು 2,240 ಮನವಿಗಳನ್ನು ಸ್ವೀಕರಿಸಿ 7,572 ಜನರ ಮಾತನ್ನು ಆಲಿಸಿತು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಪ್ರದೇಶಗಳೊಡನೆ ಗಡಹಿಂಗ್ಲಜ ತಾಲೂಕಿನ 15 ಹಳ್ಳಿಗಳೂ ಮೈಸೂರು ರಾಜ್ಯಕ್ಕೆ ಸೇರತಕ್ಕವೆಂದು ಅದು 1967ರಲ್ಲಿ ವರದಿಯಿತ್ತಿತು. ವರದಿ ಜಾರಿಗೆ ಬರಲಿಲ್ಲ. ಗಡಿಯ ವ್ಯಾಜ್ಯ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಯಾವ ರಾಜ್ಯ ಎಂಬ ದೊಡ್ಡ ಪ್ರಶ್ನೆಯ ಮರೆಯಲ್ಲಿ, ಕನ್ನಡ ಶಾಲೆಯ ಮಾಸ್ತರರು ನಿವೃತ್ತರಾದರೆ ಆ ಜಾಗಕ್ಕೆ ಯಾರು ಎಂಬ ಸಣ್ಣ ಪ್ರಶ್ನೆ ಅಡಗಿಹೋಯಿತು.

2024ರ ಲೋಕಸಭಾ ಚುನಾವಣೆಗೆ ಮುನ್ನ ಲೋಕನೀತಿ–ಸಿ.ಎಸ್.ಡಿ.ಎಸ್. ಸಂಸ್ಥೆಯು 19 ರಾಜ್ಯಗಳಲ್ಲಿ ಸುಮಾರು 10 ಸಾವಿರ ಮತದಾರರನ್ನು ವಿಚಾರಿಸಿತು. ನೂರರಲ್ಲಿ 27 ಜನ ನಿರುದ್ಯೋಗವೇ ಮುಖ್ಯ ಚಿಂತೆಯೆಂದರು, 23 ಜನ ಬೆಲೆಯೇರಿಕೆಯೆಂದರು. ಇಚಲಕರಂಜಿಯ ಯಂತ್ರಮಗ್ಗದ ಕಾರ್ಮಿಕನಿಗೆ ಇದರಿಂದ ಅಚ್ಚರಿಯಾಗಲಾರದು. ಮನೆಯಲ್ಲಿ ಕನ್ನಡ, ಮಗ್ಗದ ಮುಂದೆ ಮರಾಠಿ. ಚಿಂತೆ ಮಾತ್ರ ಕೂಲಿಯದು. ಭಾಷಾಭಿಮಾನ ಕುಂದಿದ ಲಕ್ಷಣವಿದೆಂದು ಮೂಗು ಮುರಿಯುವವರುಂಟು. ನಮಗೆ ಹಾಗೆನಿಸದು. ಹೊಟ್ಟೆಯ ಚಿಂತೆಯೂ ಮಾತಿನ ಚಿಂತೆಯೂ ಒಂದೇ ಸೂರಿನಡಿ ಬಾಳುತ್ತವೆ. ಸಮೀಕ್ಷೆಯ ಕಾಗದದಲ್ಲಿ ಮಾತ್ರ ಒಂದಕ್ಕೇ ಗುರುತು ಹಾಕಬೇಕು.

ಆದರೆ ನಮ್ಮ ಭಾಷೆಯನ್ನು ನೇರವಾಗಿ ಕೇಳುವ ಕಾಗದವೊಂದಿದೆ. ಅದು ಜನಗಣತಿ, ನಮ್ಮ ಹಿರಿಯರ ಬಾಯಲ್ಲಿ ಖಾನೇಸುಮಾರಿ. 2011ರ ಬಳಿಕ 2021ರಲ್ಲಿ ಆಗಬೇಕಿದ್ದುದು ನಡೆಯಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು 2025ರ ಜೂನಿನಲ್ಲಿ ಸರಕಾರ ಪ್ರಕಟಿಸಿತು. ಗಣತಿದಾರರು ಮರಾಠಿಯಲ್ಲಿ ಕೇಳುತ್ತಾರೆ, ಯಜಮಾನರು ಬಾಗಿಲಲ್ಲಿಯೇ ನಿಂತು ಮರಾಠಿಯಲ್ಲಿ ಉತ್ತರಿಸುತ್ತಾರೆ, ಮಕ್ಕಳು ಹೇಗೂ ಮರಾಠಿ ಶಾಲೆಯವರು. ಒಳಗೆ ಅಜ್ಜಿ ಕನ್ನಡದಲ್ಲಿ ಮೊಮ್ಮಗನನ್ನು ಊಟಕ್ಕೆ ಕರೆಯುತ್ತಿರುವಾಗಲೇ ಇಡೀ ಮನೆಯ ಮಾತೃಭಾಷೆ ಮರಾಠಿಯೆಂದು ದಾಖಲಾಗಿಬಿಡುವುದು ಕಠಿಣವೇನಲ್ಲ.

ಇದರಿಂದ ಏನು ನಷ್ಟವೆಂದು ಕೇಳುವವರು 1956ರ ಭಾಷಾ ಅಲ್ಪಸಂಖ್ಯಾತರ ರಕ್ಷಣಾ ಸೂತ್ರಗಳನ್ನು ನೋಡಬೇಕು. ಸರಕಾರದ ಮುಖ್ಯ ಸೂಚನೆಗಳು ಅಲ್ಪಸಂಖ್ಯಾತರ ಭಾಷೆಯಲ್ಲಿಯೂ ಪ್ರಕಟವಾಗಬೇಕಾದರೆ ಆ ಪ್ರದೇಶದಲ್ಲಿ ಅವರು ನೂರಕ್ಕೆ 15ರಿಂದ 20ರಷ್ಟಾದರೂ ಇರಬೇಕು. ಶಾಲೆಯ ಮಟ್ಟಿಗೆ 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದ ಲೆಕ್ಕ ಬೇರೆ: ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರು. ಸಂವಿಧಾನದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಬೇಕೆನ್ನುತ್ತದೆ. ಲೆಕ್ಕಕ್ಕೇ ಸಿಗದ ಮಕ್ಕಳಿಗಾಗಿ ಆ ಅನುಕೂಲವನ್ನು ಯಾರು ಕೇಳಿಯಾರು?

ಬಾಲ್ಯದಲ್ಲಿ ತಾಯಿ ತನ್ನೊಡನೆ ಆಡಿದ ಭಾಷೆಯೇ ಮಾತೃಭಾಷೆಯೆಂಬುದು ಗಣತಿಯ ವ್ಯಾಖ್ಯೆ. ಮನೆಗೆಲ್ಲ ಒಂದೇ ಅಲ್ಲ, ಪ್ರತಿಯೊಬ್ಬರದೂ ಬೇರೆಯಾಗಿಯೇ ಬರೆಯಬೇಕು. ಮರಾಠಿಯನ್ನು ಮರೆಮಾಚುವ ಅಗತ್ಯವೂ ಇಲ್ಲ. ಬಲ್ಲ ಇತರ ಭಾಷೆಗಳೆಂದು ಎರಡು ಹೆಸರು ಬರೆಸಲು 2011ರ ನಮೂನೆಯಲ್ಲಿ ಬೇರೆ ಕಲಮೇ ಇತ್ತು. ಸೊಸೆ ಮರಾಠಿ ಮನೆಯಿಂದ ಬಂದು ಮಕ್ಕಳೊಡನೆ ಮರಾಠಿಯನ್ನೇ ಆಡಿದವಳಾದರೆ ಅವಳದೂ ಅವಳ ಮಕ್ಕಳದೂ ಮರಾಠಿಯೆಂದೇ ಬರೆಸತಕ್ಕದ್ದು. ಸುಳ್ಳು ಹೇಳಿ ಬೆಳೆಸಿದ ಅಂಕಿ ನಮಗೆ ಬೇಡ. ಆ ಮಕ್ಕಳ ಇತರ ಭಾಷೆಗಳ ಕಲಮಿನಲ್ಲಿ ಕನ್ನಡ ಬರೆಸುವುದಕ್ಕೆ ಅವರಿಗೆ ಕನ್ನಡ ಬಂದಿರಬೇಕಷ್ಟೆ.