ಕುಬ್ಜ ಮೊಲದ ಮರಿಗಳೇಕೆ ಸಾಯುತ್ತವೆ?

ಪ್ರಶ್ನೆ: ನಮ್ಮ ನೆದರ್‌ಲ್ಯಾಂಡ್ ಡ್ವಾರ್ಫ್ ಮೊಲಗಳ ಪ್ರತಿ ಸೂಲಿನಲ್ಲೂ ಒಂದೆರಡು ತೀರಾ ಪುಟ್ಟ ಮರಿಗಳು ಸಾಯುತ್ತವೆ. ಆರೈಕೆ ಸಾಲದೇ?

ಉತ್ತರ: ಆರೈಕೆಯಲ್ಲಿ ಕೊರತೆಯಿಲ್ಲ, ಕಾರಣ ಜೋಡಿಯಲ್ಲಿದೆ. ಈ ತಳಿ ಗಿಡ್ಡಾಗಿರುವುದು ಎಚ್‌ಎಂಜಿಎ2 ಎಂಬ ಜೀನಿನ ಒಂದು ತುಂಡು ಕಳಚಿಹೋಗಿರುವುದರಿಂದ. 2017ರಲ್ಲಿ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಈ ದೋಷ ತಾಯಿ, ತಂದೆಯರಲ್ಲಿ ಒಬ್ಬರಿಂದ ಬಂದರೆ ಮರಿ ಆರೋಗ್ಯವಂತ ಕುಬ್ಜ. ಇಬ್ಬರಿಂದಲೂ ಬಂದರೆ, ಎಷ್ಟು ಹಾಲೂಡಿಸಿದರೂ ಬದುಕದು. ಸಾಕಣೆದಾರರು ಇಂಥವನ್ನು 'ಪೀನಟ್' ಎನ್ನುತ್ತಾರೆ. ಪಾಪ, ಕೆಲವೇ ದಿನಗಳ ಆಯುಸ್ಸು. ಕುಬ್ಜಕ್ಕೆ ಕುಬ್ಜ ಕೂಡಿಸಿದರೆ ಪ್ರತಿ ಮರಿಗೂ ಈ ಗತಿಯ ಸಾಧ್ಯತೆ ಶೇ. 25. ಅದೇ ತಳಿಯಲ್ಲಿ ದೋಷವಿಲ್ಲದೆ ಹುಟ್ಟಿದ, ತುಸು ದೊಡ್ಡ ಹೆಣ್ಣಿಗೆ ಕುಬ್ಜ ಗಂಡನ್ನು ಕೂಡಿಸಿ: ಪೀನಟ್ ಹುಟ್ಟುವುದೇ ಇಲ್ಲ, ಕುಬ್ಜ ಮರಿಗಳು ಸರಾಸರಿ ಅರ್ಧದಷ್ಟು ಸಿಗುತ್ತವೆ. ದಯವಿಟ್ಟು ಇನ್ನು ಮುಂದೆ ಆ ಜೋಡಿಯನ್ನೇ ಆರಿಸಿ.