ಕ್ಯಾರಿಬ್ಯಾಗ್ ಬಲ್ಲ ಕತೆ

ಜಗಳೂರು ಸೀಮೆಯಲ್ಲಿ ವಯಸ್ಸಾದವರು ಆಸ್ಪತ್ರೆಗೆ ಹೊರಟರೆಂದರೆ ಕೈಯಲ್ಲೊಂದು ಕ್ಯಾರಿಬ್ಯಾಗ್ ಇದ್ದೇ ಇರುತ್ತದೆ. ಒಳಗೆ ಮಡಚಿ ಮಡಚಿ ಸವೆದ ಚೀಟಿಗಳು, ರಕ್ತಪರೀಕ್ಷೆಯ ರಿಪೋರ್ಟು, ಖಾಲಿಯಾದ ಮಾತ್ರೆಯ ಹಾಳೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದ್ದಕ್ಕೆ ಕೆಲವರು ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಹೋಗುತ್ತಾರೆ, ಕೆಲವರು ಚಿತ್ರದುರ್ಗದ ಬಸ್ ಹತ್ತುತ್ತಾರೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಜಗಳೂರು ಚಿತ್ರದುರ್ಗಕ್ಕೇ ಸೇರಿತ್ತು. ಜಿಲ್ಲೆ ಬದಲಾಯಿತು, ಕಾಲಿಗೆ ರೂಢಿಯಾದ ದಾರಿ ಬದಲಾಗಲಿಲ್ಲ. ಹಾಗಾಗಿ ಒಬ್ಬನೇ ರೋಗಿಯ ಕತೆ ಎರಡು ಜಿಲ್ಲೆಯ ಕಡತಗಳಲ್ಲಿ ತುಂಡುತುಂಡಾಗಿ ಬಿದ್ದಿರುತ್ತದೆ. ಮಳೆ ಕೈಕೊಟ್ಟ ವರ್ಷ ಕೂಲಿಗೆಂದು ಬೆಂಗಳೂರು ಸೇರಿದರೆ ಮೂರನೆಯ ತುಂಡು ಅಲ್ಲಿ.

ಈ ತುಂಡುಗಳನ್ನು ಒಂದಕ್ಕೊಂದು ಹೊಲಿಯುವ ಏರ್ಪಾಡಿಗೆ ಆರೋಗ್ಯ ಮಾಹಿತಿ ವಿನಿಮಯ ಎಂದು ಹೆಸರು. ನಮ್ಮಲ್ಲಿ ಅದು 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಜಾರಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ರೂಪದಲ್ಲಿ ಬಂದಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಮಾಡಿಸಿದ ‘ಆಭಾ’ ಎಂಬ 14 ಅಂಕಿಯ ಸಂಖ್ಯೆ ಇದರ ಬೀಗದ ಕೈ. ಎಲ್ಲರ ಕಾಯಿಲೆಯ ಲೆಕ್ಕವನ್ನೂ ದೆಹಲಿಯ ಒಂದೇ ಉಗ್ರಾಣಕ್ಕೆ ತುಂಬುತ್ತಾರೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ರಿಪೋರ್ಟು ಎಲ್ಲಿ ಹುಟ್ಟಿತೋ ಅಲ್ಲೇ ಇರುತ್ತದೆ. ರೋಗಿ ಒಪ್ಪಿದರೆ ಮಾತ್ರ ಇನ್ನೊಂದು ಆಸ್ಪತ್ರೆಯ ವೈದ್ಯರಿಗೆ ಕಾಣುತ್ತದೆ.

ಒಪ್ಪಿಗೆ ಕೊಡುವುದು ಫೋನಿನಲ್ಲಿ. ಮನೆಗೆಲ್ಲ ಇರುವುದು ಒಂದೇ ಫೋನು, ಅದೂ ಮಗನ ಜೊತೆ ಪೀಣ್ಯದಲ್ಲಿದ್ದರೆ? ಅಜ್ಜಿಯ ಒಪ್ಪಿಗೆಯ ಒಟಿಪಿ ಅಲ್ಲಿಗೆ ಹೋಗಿ ಬರಬೇಕು. ಏರ್ಪಾಡು ಮಾಡಿದವರು ಇದನ್ನು ಇನ್ನಷ್ಟು ಯೋಚಿಸಬೇಕಿತ್ತು.

ವಿನಿಮಯದ ಬೆಲೆ ಚೆನ್ನಾಗಿ ಗೊತ್ತಾಗುವುದು ಕ್ಷಯದಲ್ಲಿ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು. ಎರಡು ತಿಂಗಳಿಗೇ ಕೆಮ್ಮು ನಿಂತು ಮೈ ಹಗುರಾದಾಗ ಕೂಲಿಕಾರ ಗಂಟುಮೂಟೆ ಕಟ್ಟುತ್ತಾನೆ. ಮೊದಲಾದರೆ ಇಲ್ಲಿನ ರಿಜಿಸ್ಟರಿನಲ್ಲಿ ‘ಊರಲ್ಲಿಲ್ಲ’ ಎಂದು ಬರೆದಲ್ಲಿಗೆ ಮುಗಿಯುತ್ತಿತ್ತು. 2012ರಲ್ಲಿ ಶುರುವಾದ ನಿಕ್ಷಯ್ ತಂತ್ರಾಂಶದಲ್ಲಿ ಅವನ ಕಡತವನ್ನೇ ಅವನು ಹೋದ ಊರಿನ ಆರೋಗ್ಯ ಕೇಂದ್ರಕ್ಕೆ ವರ್ಗಾಯಿಸಬಹುದು. ಪೌಷ್ಟಿಕ ಆಹಾರಕ್ಕೆಂದು ಕೊಡುವ ಹಣವೂ ಅದೇ ನೋಂದಣಿಯ ಆಧಾರದ ಮೇಲೆ ಬ್ಯಾಂಕ್ ಖಾತೆಗೆ ಬೀಳುತ್ತದೆ. ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ.

ಊರಿಗೆ ಊರೇ ಮಲಗುವ ಕಾಯಿಲೆಗಳ ಲೆಕ್ಕ ಬೇರೆ. ಪಕ್ಕದ ಸೀಮೆಯ ಸೊರಬ ತಾಲ್ಲೂಕಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾಗುವ ಮೊದಲು ಸುದ್ದಿ ಕೊಟ್ಟಿದ್ದು ಕ್ಯಾಸನೂರು ಕಾಡಿನಲ್ಲಿ ಸತ್ತುಬಿದ್ದ ಮಂಗಗಳು. ಇಂದು ಜ್ವರ, ವಾಂತಿಭೇದಿಯ ಲೆಕ್ಕವನ್ನು ಉಪಕೇಂದ್ರದ ಸಿಸ್ಟರ್ ಒಂದು ನಮೂನೆಯಲ್ಲಿ, ವೈದ್ಯರು ಇನ್ನೊಂದರಲ್ಲಿ, ಪ್ರಯೋಗಾಲಯದವರು ಮತ್ತೊಂದರಲ್ಲಿ ತುಂಬುತ್ತಾರೆ. ಹಿಂದೆ ವಾರಕ್ಕೊಮ್ಮೆ ಹೋಗುತ್ತಿದ್ದ ವರದಿ ಈಗ ಐಎಚ್‌ಐಪಿ ಎಂಬ ವೇದಿಕೆಗೆ ದಿನವೂ ಸೇರುತ್ತದೆ. 2018ರಲ್ಲಿ ಇದನ್ನು ಮೊದಲು ಅಳವಡಿಸಿದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂದೇ ಪೈಪಿನ ನೀರು ಕುಡಿಯುವ ಎರಡು ಹಳ್ಳಿಗಳಲ್ಲಿ ಒಂದೇ ದಿನ ಭೇದಿ ಶುರುವಾದರೆ ದಾವಣಗೆರೆಯಲ್ಲಿ ಕೂತವರಿಗೂ ನಕ್ಷೆಯಲ್ಲಿ ಕಾಣಬೇಕು. ಬೇಗ ತಿಳಿದರೆ ಎಷ್ಟು ಬೇಗ? ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪ್ರಯೋಗಾಲಯದಿಂದ ತಾನಾಗಿ ಹೋಗುವ ವರದಿ ಹಳೆಯ ಪದ್ಧತಿಗಿಂತ ಸರಾಸರಿ 7.9 ದಿನ ಮೊದಲೇ ಮುಟ್ಟಿತ್ತು; ಸಿಕ್ಕ ಪ್ರಕರಣಗಳು 4.4 ಪಟ್ಟು.

ಆದರೆ ಜಗಳೂರಿನ ಹಳೆಯ ಕಾಯಿಲೆಗೆ ಇಷ್ಟೇ ಸಾಲದು. ಇಲ್ಲಿನ ಕೊಳವೆಬಾವಿಗಳ ಫ್ಲೋರೈಡ್ ಒಂದು ದಿನಕ್ಕೆ ಮಲಗಿಸುವುದಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಹಲ್ಲಿನ ಕಂದುಗೆರೆಯಾಗಿ, ಮಂಡಿ ಸೊಂಟದ ಬಿಗಿತವಾಗಿ ಹೊರಬೀಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿತೋ ಇಲ್ಲವೋ ಎಂಬ ಪರೀಕ್ಷೆಯ ಫಲಿತಾಂಶ ಇರುವುದು ಕುಡಿಯುವ ನೀರಿನ ಇಲಾಖೆಯಲ್ಲಿ. ಮಂಡಿನೋವು ಇರುವುದು ಆಸ್ಪತ್ರೆಯ ಚೀಟಿಯಲ್ಲಿ. ಆಸ್ಪತ್ರೆ ಆಸ್ಪತ್ರೆಗಳ ನಡುವಿನ ವಿನಿಮಯಕ್ಕಿಂತ ಈ ತಾಲ್ಲೂಕಿಗೆ ಮೊದಲು ಬೇಕಾದ್ದು ನಲ್ಲಿ ಮತ್ತು ಆಸ್ಪತ್ರೆಯ ನಡುವಿನ ವಿನಿಮಯ.

ಅಷ್ಟರೊಳಗೆ ಓದುಗರು ಮಾಡಬಹುದಾದ್ದು ಇಷ್ಟು: ಆಭಾ ಸಂಖ್ಯೆಗೆ ದುಡ್ಡಿಲ್ಲ, ಮನಸ್ಸಿದ್ದರೆ ಮಾಡಿಸಿ. ಮಾಡಿಸಿದ ಮೇಲೂ ಆ ಕ್ಯಾರಿಬ್ಯಾಗನ್ನು ಬಿಸಾಡಬೇಡಿ.